ಪುಳ್ಳೆ, ಪೊರಕೆ, ಮಾಟ: ‘ದಿ ವಿಚ್ ಆಫ್ ಎಡ್ಮಂಟನ್’ ನಾಟಕದ ದುಡಿಯುವ ಹೆಂಗಸರು

ಲಂಡನ್ನಿನ ಉತ್ತರದ ಎಡ್ಮಂಟನ್ನಿನಲ್ಲಿದ್ದ ಎಲಿಜಬೆತ್ ಸಾಯರ್‌ಳನ್ನು ಮಾಟಗಾತಿಯೆಂದು 1621ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಲಾಯಿತು. ನ್ಯೂಗೇಟ್ ಸೆರೆಮನೆಯಲ್ಲಿ ಅವಳನ್ನು ಕಂಡು ಮಾತನಾಡಿಸುತ್ತಿದ್ದ ಪಾದ್ರಿ ಹೆನ್ರಿ ಗುಡ್‌ಕೋಲ್ ಕೂಡಲೇ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ನಾಟಕಕಾರರಾದ ರೌಲಿ, ಡೆಕರ್, ಫೋರ್ಡ್ ಅವಳ ಕಥೆಯನ್ನೇ ಹಿಡಿದು ಕೂಡಿ ಬರೆದ ‘ದಿ ವಿಚ್ ಆಫ್ ಎಡ್ಮಂಟನ್’ ನಾಟಕವೂ ಅದೇ ವರ್ಷ ರಂಗಕ್ಕೆ ಬಂತು. ಅಚ್ಚಾದದ್ದು ಮಾತ್ರ 1658ರಲ್ಲಿ.

ಭಿಕ್ಷೆ ನಿರಾಕರಿಸಿದ ನೆರೆಯವರ ಪಾಪಪ್ರಜ್ಞೆಯೇ ಇಂಥ ಆರೋಪಗಳ ಬೇರು ಎಂಬುದು ಇತಿಹಾಸಕಾರ ಕೀತ್ ಥಾಮಸ್ 1971ರಲ್ಲಿ ಮಂಡಿಸಿದ ಪ್ರಸಿದ್ಧ ವಾದ. ಸಾಯರ್‌ಳ ಮಟ್ಟಿಗೆ ಅದು ಸಾಲದು. ಗುಡ್‌ಕೋಲ್ ಹೇಳುವಂತೆ ನೆರೆಯವರ ಮೇಲೆ ಅವಳು ಹಗೆ ಸಾಧಿಸಿದ್ದು ಅವರು ತನ್ನ ಪೊರಕೆ ಕೊಳ್ಳಲಿಲ್ಲವೆಂದು. ಅಂದರೆ ಅವಳು ಬೇಡಿದ್ದು ತಿರುಪೆಯನ್ನಲ್ಲ, ವ್ಯಾಪಾರವನ್ನು. ಅವಳ ಹೆಣ್ಣುಹಂದಿ ನೆರೆಯವಳಾದ ಆಗ್ನೆಸ್ ರ‍್ಯಾಟ್‌ಕ್ಲಿಫ್‌ಳ ಒಂದಿಷ್ಟು ಸೋಪು ನೆಕ್ಕಿತು. ಆಗ್ನೆಸ್ ಬಟ್ಟೆ ಬಡಿಯುವ ಕೊರಡಿನಿಂದ ಅದಕ್ಕೆ ಹೊಡೆದಳು. ಕೆಲವೇ ದಿನಗಳಲ್ಲಿ ಆಗ್ನೆಸ್ ಸತ್ತಳು. ಸಾಯರ್‌ಳನ್ನು ಗಲ್ಲಿಗೆ ಒಯ್ದದ್ದು ಈ ಸಾವು. ಅವಳ ಮಾತೆಲ್ಲ ನಮಗೆ ದಕ್ಕುವುದು ಪಾದ್ರಿಯ ಪ್ರಶ್ನೋತ್ತರದ ಸೋಸಣಿಗೆಯಿಂದ ಎಂಬುದನ್ನು ಮರೆಯುವಂತಿಲ್ಲ.

ನಾಟಕದಲ್ಲಿ ಜಗಳ ಪುಳ್ಳೆಗೆ. ತನ್ನ ನೆಲದಲ್ಲಿ ಒಣಕಡ್ಡಿ ಆಯ್ದಳೆಂದು ಊರಿನ ಬ್ಯಾಂಕ್ಸ್ ಸಾಯರ್‌ಳನ್ನು ಗದರುತ್ತಾನೆ. ಅವಳು ಹೊರೆ ಎಸೆದು ಶಪಿಸುತ್ತಾಳೆ, ಅವನು ಬಡಿಯುತ್ತಾನೆ. ಸೈತಾನ ನಾಯಿಯಾಗಿ ಬರುವುದು ಏಟು ಬಿದ್ದ ಮೇಲೆಯೇ. ಈ ಅನುಕ್ರಮ ಆಕಸ್ಮಿಕವಲ್ಲ. ಮುಂದೆ ಊರವರು ಅವಳ ಸೂರಿನ ಹುಲ್ಲು ಕಿತ್ತು ಸುಡುತ್ತಾರೆ. ಓಡಿ ಬಂದರೆ ಮಾಟಗಾತಿ ಎಂಬುದು ಅವರ ಪರೀಕ್ಷೆ! ಸೂರು ಸುಡುವಾಗ ಓಡಿ ಬಾರದವರು ಯಾರು? ನ್ಯಾಯಾಧೀಶನೇ ಅವರನ್ನು ಗದರುತ್ತಾನೆ.

ಉಪಕಥೆಯೆಂದು ಬದಿಗಿಡಬಹುದಾದ, ನಾಟಕದ ಇನ್ನೊಬ್ಬ ದುಡಿಯುವ ಹೆಂಗಸಾದ ವಿನಿಫ್ರೆಡ್‌ಳ ಕಥೆಯನ್ನು ಸಾಯರ್‌ಳ ಕಥೆಯ ಜೊತೆಗೇ ಓದಬೇಕು. ಅವಳು ಸರ್ ಆರ್ಥರ್ ಕ್ಲಾರಿಂಗ್‌ಟನ್ನನ ಮನೆಯ ಸೇವಕಿ. ಒಡೆಯ ಅವಳನ್ನು ಭೋಗಿಸಿ, ಬಸುರಾದವಳನ್ನು ಇನ್ನೊಬ್ಬ ಸೇವಕ ಫ್ರಾಂಕ್‌ನಿಗೆ ಕಟ್ಟುತ್ತಾನೆ. ಆಸ್ತಿಯ ಆಸೆಗೆ ಎರಡನೆಯ ಮದುವೆಯಾದ ಫ್ರಾಂಕ್ ಆ ಹೆಂಡತಿಯನ್ನು ಕೊಲ್ಲುತ್ತಾನೆ. ಕೊನೆಗೆ ಸಾಯರ್, ಫ್ರಾಂಕ್ ಇಬ್ಬರಿಗೂ ನೇಣು. ಸರ್ ಆರ್ಥರ್‌ನಿಗೆ ಬರೀ ದಂಡ. ಇವನೂ ನೇಣಿಗೆ ತಕ್ಕವನೇ ಎಂದು ಕೊಲೆಯಾದವಳ ತಂದೆ, ರೈತ ಕಾರ್ಟರ್ ಚುಚ್ಚುತ್ತಾನೆ. ನಾಟಕದ ನಿಜವಾದ ತೀರ್ಪು ನ್ಯಾಯಾಲಯದ್ದಲ್ಲ, ಈ ರೈತನದು.