ವಾದವನ್ನು ಕಲಿತ ವಿದ್ಯಾರ್ಥಿ: ಕಲ್ಕತ್ತೆಯ ಹಿಂದೂ ಕಾಲೇಜು, ೧೮೨೮–೧೮೪೩

ಶಿಕ್ಷಣದ ಇತಿಹಾಸವನ್ನು ಬರೆಯಹೊರಟವರ ಗಮನವು ಸಾಮಾನ್ಯವಾಗಿ ವಿದ್ಯಾಸಂಸ್ಥೆಗಳ ಸ್ಥಾಪನೆ, ಪಠ್ಯಕ್ರಮ, ಸರ್ಕಾರದ ಅನುದಾನ, ಬೋಧನಭಾಷೆ ಮೊದಲಾದ ವಿಷಯಗಳ ಕಡೆಗೆ ಹರಿಯುತ್ತದೆ. ಇವು ದಾಖಲೆಗಳಲ್ಲಿ ಸುಲಭವಾಗಿ ದೊರೆಯುವ ಸಂಗತಿಗಳಾದುದರಿಂದ ಹಾಗಾಗುವುದು ಸಹಜವೇ. ಆದರೆ ಕಾಲೇಜಿಗೆ ಬಂದ ತರುಣನೊಬ್ಬನು ತನ್ನ ಮನೆಯ ಆಚಾರವನ್ನು ಕುರಿತಾಗಲಿ, ತನ್ನನ್ನು ಆಳುವವರ ನಡೆಯನ್ನು ಕುರಿತಾಗಲಿ ಕಾರಣಸಹಿತವಾಗಿ ವಾದಿಸುವುದನ್ನು ಹೇಗೆ ಕಲಿತನು ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ಪಠ್ಯಕ್ರಮದಲ್ಲಿ ಇದಕ್ಕೆ ಸ್ಥಾನವಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಆದರೂ ಆಧುನಿಕ ಭಾರತದ ಸಾರ್ವಜನಿಕ ಜೀವನವು ಈ ಕಲಿಕೆಯ ಮೇಲೆಯೇ ನಿಂತಿದೆ.

ಈ ಪ್ರಶ್ನೆಯನ್ನು ಒಂದು ಕಾಲೇಜಿನ ಹದಿನೈದು ವರ್ಷಗಳಿಗೆ ಸೀಮಿತಗೊಳಿಸಿ, ಮುಖ್ಯವಾಗಿ ಒಬ್ಬ ವಿದ್ಯಾರ್ಥಿಯನ್ನು ಅನುಸರಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕಾಲೇಜು ಕಲ್ಕತ್ತೆಯ ಹಿಂದೂ ಕಾಲೇಜು. ಆ ವಿದ್ಯಾರ್ಥಿ ದಕ್ಷಿಣಾರಂಜನ ಮುಖರ್ಜಿ. ವಾದವಿದ್ಯೆಗೆ ಎರಡು ಅಂಗಗಳುಂಟು: ಎದುರಾಳಿಯ ಪಕ್ಷವನ್ನು ಅದರ ಪೂರ್ಣಬಲದಲ್ಲಿ ತಿಳಿದುಕೊಳ್ಳುವುದು ಒಂದು, ಮಾತನಾಡುವವನ ಮಾತು ಮುಗಿಯುವವರೆಗೆ ಅವನನ್ನು ಕಾಪಾಡುವ ಸಭಾನಿಯಮ ಇನ್ನೊಂದು. ಮೊದಲನೆಯದನ್ನು ಈ ತರುಣರು ತಮ್ಮ ಉಪಾಧ್ಯಾಯನಿಂದ ಕಲಿತರು. ಎರಡನೆಯದರ ಬೆಲೆಯನ್ನು ಕಾಲಕ್ರಮದಲ್ಲಿ, ಹಾನಿಯನ್ನು ಅನುಭವಿಸಿ, ತಾವೇ ಕಂಡುಕೊಂಡರು.

೧

ಹಿಂದೂ ಕಾಲೇಜು ೧೮೧೭ರ ಜನವರಿ ೨೦ರಂದು ಪ್ರಾರಂಭವಾಯಿತು. ತಮ್ಮ ಮಕ್ಕಳು ಇಂಗ್ಲಿಷ್ ಭಾಷೆಯನ್ನೂ ಪಾಶ್ಚಾತ್ಯ ವಿದ್ಯೆಗಳನ್ನೂ ಕಲಿಯಬೇಕೆಂದು ನಗರದ ಹಿಂದೂ ಗೃಹಸ್ಥರು ಹಣ ಕೂಡಿಸಿ ಕಟ್ಟಿದ ಸಂಸ್ಥೆ ಅದು. ೧೮೫೫ರಲ್ಲಿ ಅದು ಪ್ರೆಸಿಡೆನ್ಸಿ ಕಾಲೇಜಾಯಿತು; ೨೦೧೦ರಲ್ಲಿ ವಿಶ್ವವಿದ್ಯಾಲಯವಾಯಿತು. ೧೮೨೬ರಲ್ಲಿ ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ ಎಂಬ ಯುರೇಷಿಯನ್ ತರುಣನು ಅಲ್ಲಿ ಉಪಾಧ್ಯಾಯನಾಗಿ ಸೇರಿದನು. ಆಗ ಅವನಿಗೆ ಹದಿನೇಳು ವರ್ಷ. ಅವನ ಶಿಷ್ಯರಲ್ಲಿ ಹಲವರು ಅವನಿಗಿಂತ ಕೆಲವೇ ವರ್ಷಗಳಷ್ಟು ಚಿಕ್ಕವರು. ಗುರುಶಿಷ್ಯರ ನಡುವಣ ಈ ವಯಸ್ಸಿನ ಸಾಮೀಪ್ಯವನ್ನು ನಾವು ನೆನಪಿನಲ್ಲಿಡಬೇಕು. ಶಿಷ್ಯರು ಅವನೊಡನೆ ಭಯವಿಲ್ಲದೆ ಮಾತನಾಡಬಲ್ಲವರಾಗಿದ್ದರು.

ತರಗತಿಯ ಹೊತ್ತು ಸಾಲದೆ ಹೋದುದರಿಂದ ೧೮೨೮ರಲ್ಲಿ ಡಿರೋಜಿಯೊವಿನ ನೇತೃತ್ವದಲ್ಲಿ ‘ಅಕಾಡೆಮಿಕ್ ಅಸೋಸಿಯೇಷನ್’ ಎಂಬ ಚರ್ಚಾಕೂಟವು ಹುಟ್ಟಿತು. ಮಾಣಿಕತಲಾದಲ್ಲಿದ್ದ ಶ್ರೀಕೃಷ್ಣ ಸಿಂಹರ ತೋಟದ ಮನೆಯಲ್ಲಿ ಅದು ಸಭೆ ಸೇರುತ್ತಿತ್ತು. ಕೃಷ್ಣಮೋಹನ ಬ್ಯಾನರ್ಜಿ, ರಸಿಕಕೃಷ್ಣ ಮಲ್ಲಿಕ, ರಾಮಗೋಪಾಲ ಘೋಷ್, ರಾಮತನು ಲಾಹಿರಿ, ರಾಧಾನಾಥ ಸಿಕ್ದಾರ್, ದಕ್ಷಿಣಾರಂಜನ ಮೊದಲಾದವರು ಅಲ್ಲಿ ಮಾತನಾಡುತ್ತಿದ್ದರು. ಮುಂದೆ ‘ಯಂಗ್ ಬೆಂಗಾಲ್’ ಎಂದು ಪ್ರಸಿದ್ಧವಾದುದು ಈ ಗುಂಪೇ. ವಿಧಿ ಮತ್ತು ಸಂಕಲ್ಪಸ್ವಾತಂತ್ರ್ಯ, ಪುಣ್ಯಪಾಪಗಳು, ದೇಶಪ್ರೇಮ, ದೇವರ ಅಸ್ತಿತ್ವ, ವಿಗ್ರಹಾರಾಧನೆ, ಪುರೋಹಿತರ ಅಧಿಕಾರ ಇವು ಚರ್ಚೆಯ ವಿಷಯಗಳು. ಡೇವಿಡ್ ಹೇರ್‌ನಂಥ ಹಿರಿಯರೂ ಸಭೆಗೆ ಬಂದು ಕುಳಿತು ಕೇಳುತ್ತಿದ್ದರು. ೧೮೩೦ರಲ್ಲಿ ಕಲ್ಕತ್ತೆಗೆ ಬಂದ ಮಿಷನರಿ ಅಲೆಕ್ಸಾಂಡರ್ ಡಫ್ ಇಂಥ ಚರ್ಚಾಕೂಟಗಳನ್ನು ವರ್ಣಿಸಿದ್ದಾನೆ. ಇತಿಹಾಸದ ವಿಷಯ ಬಂದಾಗ ಗಿಬ್ಬನ್, ರಾಜಕೀಯದ ವಿಷಯ ಬಂದಾಗ ಆಡಂ ಸ್ಮಿತ್ ಮತ್ತು ಬೆಂಥಮ್, ಧರ್ಮದ ವಿಷಯ ಬಂದಾಗ ಹ್ಯೂಮ್ ಮತ್ತು ಪೇನ್ ಇವರನ್ನು ತರುಣರು ಪ್ರಮಾಣವಾಗಿ ಉದ್ಧರಿಸುತ್ತಿದ್ದರೆಂದು ಅವನ ಬರಹದಿಂದ ತಿಳಿಯುತ್ತದೆ.

ಹಾಗೆ ಉದ್ಧರಿಸುವುದರಲ್ಲಿ ಒಂದು ದೋಷವೂ ಇದ್ದಿತು. ಹಿರಿಯರು ಶ್ರುತಿಸ್ಮೃತಿಗಳನ್ನು ಪ್ರಮಾಣವೆಂದು ಹಿಡಿದಂತೆ ಕಿರಿಯರು ಹ್ಯೂಮ್ ಮತ್ತು ಪೇನರನ್ನು ಹಿಡಿದರೆ ಪ್ರಮಾಣಗ್ರಂಥ ಬದಲಾದೀತೇ ಹೊರತು ಬುದ್ಧಿಯ ನಡೆ ಬದಲಾಗದು. ಡಿರೋಜಿಯೊವಿಗೆ ಈ ಅಪಾಯ ತಿಳಿದಿದ್ದಿತು. ಅವನ ಬೋಧನಕ್ರಮವನ್ನು ತಿಳಿಯಲು ನಮಗಿರುವ ಅತ್ಯುತ್ತಮ ಆಧಾರವು ಅವನು ಕೆಲಸವನ್ನು ಕಳೆದುಕೊಂಡ ಸಂದರ್ಭದಲ್ಲಿ ಬರೆದ ಪತ್ರ.

೨

ಮಕ್ಕಳು ಸಂಧ್ಯಾವಂದನೆಯನ್ನು ಬಿಟ್ಟರು, ಹಿರಿಯರಿಗೆ ಎದುರು ಮಾತನಾಡುತ್ತಾರೆ ಎಂಬ ದೂರುಗಳು ಬೆಳೆದು, ಹಲವು ಮನೆಯವರು ಮಕ್ಕಳನ್ನು ಕಾಲೇಜಿನಿಂದ ಬಿಡಿಸತೊಡಗಿದರು. ೧೮೩೧ರ ಏಪ್ರಿಲಿನಲ್ಲಿ ಆಡಳಿತ ಮಂಡಳಿಯು ಸಭೆ ಸೇರಿತು. ಡಿರೋಜಿಯೊ ಉಪಾಧ್ಯಾಯನಾಗಿರಲು ಅಯೋಗ್ಯನೇ ಎಂಬ ಪ್ರಶ್ನೆಗೆ ಬಹುಮತವು ಹೌದೆನ್ನಲಿಲ್ಲ. ಆದರೆ ಹಿಂದೂ ಸಮಾಜದ ಈಗಿನ ಮನಃಸ್ಥಿತಿಯಲ್ಲಿ ಅವನನ್ನು ತೆಗೆಯುವುದು ಉಚಿತವೇ ಎಂದು ಪ್ರಶ್ನೆಯನ್ನು ಬದಲಿಸಿದಾಗ ಉಚಿತವೆಂದೇ ನಿರ್ಣಯವಾಯಿತು. ಇದು ದೇಶೀಯರ ಭಾವನೆಗೆ ಸಂಬಂಧಿಸಿದ ವಿಷಯವೆಂದು ವಿಲ್ಸನ್ ಮತ್ತು ಹೇರ್ ಮತ ಕೊಡಲಿಲ್ಲ. ಆರೋಪಿಯನ್ನು ಸಭೆಗೆ ಕರೆಯಿಸಿ ಕೇಳಲೂ ಇಲ್ಲ. ಡಿರೋಜಿಯೊ ರಾಜೀನಾಮೆಯನ್ನು ಕಳುಹಿಸಿದನು.

ಆಗ ಸಂಸ್ಕೃತ ವಿದ್ವಾಂಸನಾದ ಎಚ್. ಎಚ್. ವಿಲ್ಸನ್ ಅವನಿಗೆ ಖಾಸಗಿಯಾಗಿ ಮೂರು ಪ್ರಶ್ನೆಗಳನ್ನು ಬರೆದು ಕೇಳಿದನು. ಮೂರನೆಯದು ಊರಿನಲ್ಲಿ ಹಬ್ಬಿದ್ದ ಒಂದು ಅಸಹ್ಯವಾದ ಗಾಳಿಮಾತಿಗೆ ಸಂಬಂಧಿಸಿದುದು. ಅದನ್ನು ಡಿರೋಜಿಯೊ ಖಂಡತುಂಡವಾಗಿ ನಿರಾಕರಿಸಿದನು. ಮೊದಲೆರಡು ಪ್ರಶ್ನೆಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿವೆ. ದೇವರಲ್ಲಿ ನಂಬಿಕೆಯುಂಟೇ ಎಂಬುದು ಒಂದು; ತಂದೆತಾಯಿಗಳಿಗೆ ವಿಧೇಯರಾಗಿರುವುದು ಧರ್ಮವಲ್ಲವೆಂದು ಬೋಧಿಸಿದ್ದೀರಾ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಡಿರೋಜಿಯೊ ಕೊಟ್ಟ ಉತ್ತರದ ಸಾರ ಹೀಗಿದೆ: ದೇವರಿಲ್ಲವೆಂದು ತಾನು ಯಾರೆದುರಿಗೂ ಹೇಳಿಲ್ಲ. ಹ್ಯೂಮನ ಸಂವಾದಗ್ರಂಥದಲ್ಲಿ ಆಸ್ತಿಕವಾದದ ವಿರುದ್ಧ ಬರುವ ಸೂಕ್ಷ್ಮವಾದ ಆಕ್ಷೇಪಗಳನ್ನು ವಿದ್ಯಾರ್ಥಿಗಳಿಗೆ ತಿಳಿಸಿದುದು ನಿಜ; ಅವಕ್ಕೆ ರೀಡ್ ಮತ್ತು ಡುಗಾಲ್ಡ್ ಸ್ಟುವರ್ಟ್ ಕೊಟ್ಟ ಸಮಾಧಾನಗಳನ್ನು ತಿಳಿಸಿದುದೂ ಅಷ್ಟೇ ನಿಜ. ಒಂದು ಪಕ್ಷವನ್ನು ಮಾತ್ರ ಕೇಳಿದವನು ಹಟವಾದಿಯಾಗುವನಲ್ಲದೆ ತಿಳಿದವನಾಗುವುದಿಲ್ಲ ಎಂಬುದು ಅವನ ನಿಲುವು. ನಮ್ಮ ದರ್ಶನಗ್ರಂಥಗಳನ್ನು ಓದಿದವರಿಗೆ ಈ ಕ್ರಮವು ಹೊಸದಲ್ಲ. ಪೂರ್ವಪಕ್ಷವನ್ನು ಅದರ ಪ್ರತಿಪಾದಕನೇ ಒಪ್ಪುವಂತೆ ನಿರೂಪಿಸಿದಮೇಲಲ್ಲದೆ ಸಿದ್ಧಾಂತಕ್ಕೆ ಹೋಗಬಾರದೆಂಬುದು ಇಲ್ಲಿಯ ಶಾಸ್ತ್ರಕಾರರ ಸಂಪ್ರದಾಯ. ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದಕ್ಕೂ, ಗೆಲ್ಲುವುದೊಂದೇ ಗುರಿಯಾದ ಜಲ್ಪಕ್ಕೂ, ತನ್ನದೆಂಬ ಪಕ್ಷವಿಲ್ಲದೆ ಬರಿದೆ ಖಂಡಿಸುವ ವಿತಂಡಕ್ಕೂ ನ್ಯಾಯಸೂತ್ರವು ಭೇದವನ್ನು ಹೇಳಿದೆ. ಡಿರೋಜಿಯೊವಿನ ಆಕರ ಸ್ಕಾಟ್ಲೆಂಡಿನ ತತ್ತ್ವಶಾಸ್ತ್ರವಾದರೂ ಅವನು ತೋಟದ ಮನೆಯಲ್ಲಿ ಕಲಿಸಲೆಳಸಿದುದು ಈ ಭೇದವನ್ನೇ.

ಎರಡನೆಯ ಪ್ರಶ್ನೆಯ ಉತ್ತರದಲ್ಲಿ ದಕ್ಷಿಣಾರಂಜನನು ಕಾಣಿಸಿಕೊಳ್ಳುತ್ತಾನೆ. ತಂದೆಯ ನಡವಳಿಕೆಯನ್ನು ಸಹಿಸಲಾರೆ, ಮನೆಬಿಟ್ಟು ಹೋಗುವೆನೆಂದು ಅವನು ಕೆಲವು ತಿಂಗಳ ಹಿಂದೆ ಗುರುವಿನ ಬಳಿ ಹೇಳಿದ್ದನಂತೆ. ಆ ದೂರು ಸುಳ್ಳಲ್ಲವೆಂದು ಗುರುವಿಗೆ ಗೊತ್ತಿದ್ದಿತು. ಆದರೂ ತಂದೆಯಿಂದ ಬಂದುದನ್ನು ಬಹುಮಟ್ಟಿಗೆ ತಾಳಿಕೊಳ್ಳಬೇಕು, ಅವರೇ ಹೊರಗೆ ಹಾಕುವವರೆಗೆ ನೀನಾಗಿ ಹೊರಟರೆ ಲೋಕ ಒಪ್ಪದು ಎಂದು ಅವನು ತಡೆದನು. ಶಿಷ್ಯನು ಸ್ವಲ್ಪ ಕಾಲ ತಡೆದು, ಬಳಿಕ ಹೇಳದೆ ಕೇಳದೆ ಗುರುವಿನ ನೆರೆಯಲ್ಲಿಯೇ ಒಂದು ಮನೆಯನ್ನು ಬಾಡಿಗೆಗೆ ಹಿಡಿದನು. ಮೊದಲೇ ಏಕೆ ಕೇಳಲಿಲ್ಲವೆಂದಾಗ, ಕೇಳಿದ್ದರೆ ನೀವು ಬೇಡವೆನ್ನುತ್ತಿದ್ದಿರಿ ಎಂದುಬಿಟ್ಟನು.

ಈ ಚಿಕ್ಕ ಪ್ರಸಂಗವು ಬಹಳ ಅರ್ಥವತ್ತಾದುದು. ದಕ್ಷಿಣಾರಂಜನನಿಗೆ ಆಗ ಸುಮಾರು ಹದಿನೇಳು ವರ್ಷ. ದೇವರ ಅಸ್ತಿತ್ವವನ್ನು ಕುರಿತು ಎರಡೂ ಪಕ್ಷಗಳನ್ನು ಎತ್ತಿ ವಾದಿಸಬಲ್ಲವನಾಗಿದ್ದ ಅವನು ತನ್ನ ಮನೆಯ ವಿಷಯದಲ್ಲಿ ಮಾತ್ರ ಪ್ರತಿಪಕ್ಷವನ್ನು ಕೇಳುವ ಧೈರ್ಯ ಮಾಡಲಿಲ್ಲ. ತನ್ನ ಬಾಳಿಗೆ ತಟ್ಟುವ ವಿಷಯದಲ್ಲಿ ವಾದಿಸುವುದು ಎಷ್ಟು ಕಷ್ಟವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಪ್ರಕರಣವನ್ನು ತರಗತಿಯಲ್ಲಿ ವಿವರಿಸಿದಾಗಲೆಲ್ಲ ವಿದ್ಯಾರ್ಥಿಗಳು ಡಿರೋಜಿಯೊವಿನ ಪಕ್ಷವನ್ನೇ ಹಿಡಿಯುವುದನ್ನು ಈ ಲೇಖಕನು ಕಂಡಿದ್ದಾನೆ. ಆಡಳಿತ ಮಂಡಳಿಯ ಪಕ್ಷವನ್ನು ಎತ್ತಿ ಹೇಳಿರೆಂದರೆ ಸುಮ್ಮನಾಗುತ್ತಾರೆ. ಆ ಪಕ್ಷಕ್ಕೂ ಬಲವಿಲ್ಲದಿಲ್ಲ. ಕಾಲೇಜು ಕಟ್ಟಿದ ಹಣ ಅವರದು, ಮಕ್ಕಳು ಅವರವರು, ಮಕ್ಕಳೇ ಬಾರದೆ ಹೋದರೆ ಸಂಸ್ಥೆಯೇ ಉಳಿಯದು, ಇಪ್ಪತ್ತೊಂದು–ಇಪ್ಪತ್ತೆರಡರ ವಯಸ್ಸಿನ ಉಪಾಧ್ಯಾಯನೊಬ್ಬನು ಕುಟುಂಬಗಳ ನೆಮ್ಮದಿಗೆ ಹೊಣೆಯಾಗಬಲ್ಲನೇ ಎಂದು ಅವರು ಕೇಳಬಹುದಾಗಿದ್ದಿತು. ಅವರ ಅನ್ಯಾಯವಿದ್ದುದು ಅವರ ಕಳವಳದಲ್ಲಲ್ಲ. ಎದುರಿಗಿದ್ದವನ ಮಾತನ್ನು ಕೇಳದೆ ತೀರ್ಪು ಕೊಟ್ಟುದರಲ್ಲಿ.

೩

ಉಪಾಧ್ಯಾಯನು ಹೋದನು, ಶಿಷ್ಯರು ಉಳಿದರು. ೧೮೩೧ರಲ್ಲಿಯೇ ಕೃಷ್ಣಮೋಹನನು ‘ಎನ್‌ಕ್ವೈರರ್’ ಎಂಬ ಇಂಗ್ಲಿಷ್ ಪತ್ರಿಕೆಯನ್ನೂ, ದಕ್ಷಿಣಾರಂಜನ ಮತ್ತು ರಸಿಕಕೃಷ್ಣರು ‘ಜ್ಞಾನಾನ್ವೇಷಣ’ ಎಂಬ ಬಂಗಾಳಿ ಪತ್ರಿಕೆಯನ್ನೂ ಹೊರಡಿಸಿದರು. ಆದರೆ ಅದೇ ವರ್ಷದ ಆಗಸ್ಟ್ ೨೩ರಂದು ಕೃಷ್ಣಮೋಹನನು ಮನೆಯಲ್ಲಿಲ್ಲದಾಗ ಅಲ್ಲಿ ನೆರೆದ ಗೆಳೆಯರು ಗೋಮಾಂಸವನ್ನು ತಿಂದು, ಉಳಿದುದನ್ನು ನೆರೆಯ ಬ್ರಾಹ್ಮಣನ ಮನೆಗೆ ಎಸೆದರು. ಊರೆಲ್ಲ ಕೆರಳಿತು. ಕೃಷ್ಣಮೋಹನನನ್ನು ಮನೆಯವರು ಹೊರಗೆ ಹಾಕಿದರು. ಪೂರ್ವಪಕ್ಷವನ್ನು ಗೌರವಿಸಲು ಕಲಿತವರೆನ್ನಿಸಿಕೊಂಡವರು ನೆರೆಯವನನ್ನು ವಾದದಿಂದ ಗೆಲ್ಲಲು ಯತ್ನಿಸದೆ ಅವಮಾನಪಡಿಸಿದರು. ಕೂಟದ ಒಳಗೆ ಕಲಿತ ವಿನಯವು ಬೀದಿಗೆ ಬರಲಿಲ್ಲ. ಅದೇ ಡಿಸೆಂಬರ್ ೨೬ರಂದು ಡಿರೋಜಿಯೊ ಕಾಲರಾಬೇನೆಯಿಂದ ತೀರಿಕೊಂಡನು. ಅವನಿಗೆ ಆಗ ಇಪ್ಪತ್ತೆರಡು ವರ್ಷ.

ಏಳು ವರ್ಷಗಳ ತರುವಾಯ, ೧೮೩೮ರಲ್ಲಿ, ಈ ಹಳೆಯ ವಿದ್ಯಾರ್ಥಿಗಳು ‘ಸಾಮಾನ್ಯ ಜ್ಞಾನೋಪಾರ್ಜಿಕಾ ಸಭಾ’ ಎಂಬ ಹೊಸ ಸಂಸ್ಥೆಯನ್ನು ಕಟ್ಟಿದರು. ತಾರಾಚಂದ ಚಕ್ರವರ್ತಿ ಅಧ್ಯಕ್ಷನಾದನು. ಹಿಂದಿನ ಕೂಟಕ್ಕೂ ಇದಕ್ಕೂ ಇದ್ದ ವ್ಯತ್ಯಾಸವು ಗಮನಾರ್ಹ. ಇಲ್ಲಿ ಗುರುವಿಲ್ಲ, ಅಧ್ಯಕ್ಷನಿದ್ದಾನೆ. ಬಾಯಿಗೆ ಬಂದ ಮಾತಿಗೆ ಬದಲಾಗಿ ಬರೆದು ತಂದ ಪ್ರಬಂಧವಿದೆ. ಕೃಷ್ಣಮೋಹನನು ಇತಿಹಾಸಾಧ್ಯಯನದ ಮಹತ್ತ್ವವನ್ನು ಕುರಿತೂ, ಮಹೇಶಚಂದ್ರ ದೇವನು ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತೂ ಪ್ರಬಂಧಗಳನ್ನು ಓದಿದರು. ಮನೆಯೊಳಗಿನ ವಿಷಯಗಳು ಹೀಗೆ ಒಬ್ಬೊಬ್ಬರ ದೂರಾಗಿ ಉಳಿಯದೆ ಸಾರ್ವಜನಿಕ ವಿಚಾರದ ರೂಪವನ್ನು ತಳೆದವು.

ಈ ಸಭೆಯ ಪರೀಕ್ಷಾಕಾಲವು ೧೮೪೩ರ ಫೆಬ್ರವರಿ ೮ರಂದು ಒದಗಿತು. ಅಂದು ಹಿಂದೂ ಕಾಲೇಜಿನ ಸಭಾಂಗಣದಲ್ಲಿ ದಕ್ಷಿಣಾರಂಜನನು ಬಂಗಾಳ ಆಧಿಪತ್ಯದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಫೌಜುದಾರಿ ನ್ಯಾಯಾಲಯಗಳ ಮತ್ತು ಪೋಲೀಸಿನ ಸದ್ಯದ ಸ್ಥಿತಿಯನ್ನು ಕುರಿತ ಪ್ರಬಂಧವನ್ನು ಓದುತ್ತಿದ್ದನು. ಸಭಿಕನಾಗಿ ಬಂದಿದ್ದ ಕ್ಯಾಪ್ಟನ್ ಡಿ. ಎಲ್. ರಿಚರ್ಡ್‌ಸನ್ ಎದ್ದು ನಿಂತು, ಕಾಲೇಜನ್ನು ರಾಜದ್ರೋಹದ ಗುಹೆಯನ್ನಾಗಿ ಮಾಡಲು ತಾನು ಬಿಡಲಾರೆನೆಂದು ತಡೆದನು. ಅವನು ಆ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿ ಹೆಸರು ಪಡೆದವನು. ಅಧ್ಯಕ್ಷಪೀಠದಲ್ಲಿದ್ದ ತಾರಾಚಂದನು ಕೊಟ್ಟ ಉತ್ತರವು ನಮ್ಮ ಸಾರ್ವಜನಿಕ ಜೀವನದ ಇತಿಹಾಸದಲ್ಲಿ ನೆನಪಿಡತಕ್ಕುದು. ಪ್ರಬಂಧವು ರಾಜದ್ರೋಹವೇ ಅಲ್ಲವೇ ಎಂಬ ಚರ್ಚೆಗೆ ಅವನು ಇಳಿಯಲಿಲ್ಲ. ಬ್ರಿಟಿಷರನ್ನು ನಿಂದಿಸಲೂ ಇಲ್ಲ. ತಾವು ಇಲ್ಲಿ ಸಂದರ್ಶಕರು. ಸದಸ್ಯನೊಬ್ಬನು ಮಾತನಾಡುತ್ತಿರುವಾಗ ತಡೆಯುವ ಹಕ್ಕು ತಮಗಿಲ್ಲ. ಆಡಿದ ಮಾತನ್ನು ಹಿಂತೆಗೆದುಕೊಳ್ಳದಿದ್ದರೆ ಈ ವಿಷಯವನ್ನು ಕಾಲೇಜಿನ ಸಮಿತಿಗೂ, ಅಗತ್ಯಬಿದ್ದರೆ ಸರ್ಕಾರಕ್ಕೂ ನಿವೇದಿಸಬೇಕಾಗುವುದು—ಎಂಬುದು ಅವನ ಉತ್ತರದ ತಾತ್ಪರ್ಯ. ಸಂಗತಿಯು ‘ಬೆಂಗಾಲ್ ಹರ್ಕಾರು’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಡೆಯಲ್ಪಟ್ಟ ಪ್ರಬಂಧವೂ ಅಲ್ಲಿಯೇ ಅಚ್ಚಾಗಿ ಸಭೆಗೆ ಬಾರದವರ ಕೈಯನ್ನೂ ಸೇರಿತು.

೧೮೩೧ರ ಎರಡು ಘಟನೆಗಳೊಡನೆ ಇದನ್ನು ಹೋಲಿಸಿ ನೋಡಬೇಕು. ಅಂದು ಆಡಳಿತ ಮಂಡಳಿಯು ಕೇಳದೆ ಶಿಕ್ಷಿಸಿತು. ತರುಣರು ವಾದಿಸದೆ ಅಪಮಾನಗೊಳಿಸಿದರು. ೧೮೪೩ರಲ್ಲಿ ಅಧಿಕಾರದ ಬೆದರಿಕೆಗೆ ಎದುರಾಗಿ ನಿಂತುದು ಸಭಾನಿಯಮ. ಅದೇ ವರ್ಷದ ಏಪ್ರಿಲ್ ೨೦ರಂದು ಇಂಗ್ಲೆಂಡಿನಿಂದ ಬಂದಿದ್ದ ಜಾರ್ಜ್ ಥಾಮ್ಸನ್ನನ ಸಹಕಾರದಿಂದ ‘ಬೆಂಗಾಲ್ ಬ್ರಿಟಿಷ್ ಇಂಡಿಯಾ ಸೊಸೈಟಿ’ ಸ್ಥಾಪಿತವಾಯಿತು. ಅದು ೧೮೫೧ರಲ್ಲಿ ಜಮೀನುದಾರರ ಸಂಘದೊಡನೆ ಕೂಡಿ ‘ಬ್ರಿಟಿಷ್ ಇಂಡಿಯನ್ ಅಸೋಸಿಯೇಷನ್’ ಆಯಿತು. ತೋಟದ ಮನೆಯ ಚರ್ಚೆಯಿಂದ ರಾಜಕೀಯ ಸಂಘಕ್ಕೆ ಹೀಗೆ ಒಂದು ದಾರಿ ಏರ್ಪಟ್ಟಿತು.

೪

ಈ ದಾರಿಯನ್ನು ಅತಿಯಾಗಿ ಹೊಗಳುವುದು ಇತಿಹಾಸಕಾರನಿಗೆ ತರವಲ್ಲ. ಈ ವಾದವೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯಿತು. ಹಿಂದೂ ಕಾಲೇಜಿಗೆ ಮುಸಲ್ಮಾನರಿಗೆ ಪ್ರವೇಶವಿರಲಿಲ್ಲ. ಕೆಳಜಾತಿಯ ಬಡವರು ಅತ್ತ ಸುಳಿಯುವಂತಿರಲಿಲ್ಲ. ಸ್ತ್ರೀಯರ ಸ್ಥಿತಿಯನ್ನು ಕುರಿತು ಚರ್ಚಿಸಿದ ಸಭೆಯಲ್ಲಿ ಸ್ತ್ರೀಯೊಬ್ಬಳೂ ಎದ್ದು ಮಾತನಾಡಲಿಲ್ಲ. ಪೂರ್ವಪಕ್ಷವನ್ನು ಕೇಳಬೇಕೆಂದವರು ಯಾರ ಪಕ್ಷವನ್ನು ಕೇಳದೆ ಬಿಟ್ಟರೆಂಬುದನ್ನೂ ನಾವು ಎಣಿಸಬೇಕು.

ದಕ್ಷಿಣಾರಂಜನನ ಉಳಿದ ಜೀವನವೂ ಸರಳರೇಖೆಯಲ್ಲ. ೧೮೪೯ರಲ್ಲಿ ಬೆಥೂನ್ ಕಲ್ಕತ್ತೆಯಲ್ಲಿ ಬಾಲಿಕೆಯರ ಶಾಲೆಯನ್ನು ತೆರೆದಾಗ ಅದಕ್ಕೆ ಮನೆಯನ್ನೂ ನೆಲವನ್ನೂ ಒದಗಿಸಿದವನು ಅವನು. ಬರ್ದ್ವಾನಿನ ಮಹಾರಾಜನ ವಿಧವೆಯನ್ನು ಜಾತಿಯನ್ನು ಲೆಕ್ಕಿಸದೆ ಮದುವೆಯಾಗಿ ಸಮಾಜದ ಕೋಪಕ್ಕೆ ಗುರಿಯಾದನು. ಆದರೆ ೧೮೫೭ರ ದಂಗೆಯ ಬಳಿಕ, ಬಂಡೆದ್ದವನಿಂದ ಕಿತ್ತುಕೊಂಡ ಅಯೋಧ್ಯಾ ಪ್ರಾಂತದ ತಾಲ್ಲೂಕನ್ನು ಸರ್ಕಾರದಿಂದ ಪಡೆದು ಲಖ್ನೋದಲ್ಲಿ ನೆಲಸಿದನು. ಅಲ್ಲಿಯ ತಾಲ್ಲೂಕುದಾರರ ಸಂಘವನ್ನು ಕಟ್ಟುವುದರಲ್ಲಿಯೂ, ೧೮೬೪ರಲ್ಲಿ ಪ್ರಾರಂಭವಾದ ಕ್ಯಾನಿಂಗ್ ಕಾಲೇಜಿನ ಕಾರ್ಯದಲ್ಲಿಯೂ ಮುಂದಾಳಾದನು. ‘ರಾಜಾ’ ಬಿರುದನ್ನು ಪಡೆದು ೧೮೭೮ರಲ್ಲಿ ತೀರಿಕೊಂಡನು. ರಾಜದ್ರೋಹಿಯೆನ್ನಿಸಿಕೊಂಡವನು ರಾಜಭಕ್ತನಾದುದನ್ನು ಕಂಡು ಕೆಲವರು ಅವನ ತಾರುಣ್ಯದ ಮಾತನ್ನೇ ಪೊಳ್ಳೆಂದು ತಳ್ಳಿಹಾಕಬಹುದು. ಈ ತೀರ್ಮಾನವು ಸಾಧುವಲ್ಲ. ವಾದವಿದ್ಯೆಯು ಯಾವ ಪಕ್ಷವನ್ನು ಹಿಡಿಯಬೇಕೆಂದು ಯಾರಿಗೂ ಹೇಳಿಕೊಡುವುದಿಲ್ಲ. ಹಿಡಿದ ಪಕ್ಷಕ್ಕೆ ಕಾರಣವನ್ನು ಕೊಡುವ ಹೊಣೆಯನ್ನು ಮಾತ್ರ ಕಲಿಸುತ್ತದೆ.

ನಮ್ಮ ಕಾಲೇಜುಗಳಲ್ಲಿ ಪ್ರತಿವರ್ಷವೂ ಚರ್ಚಾಸ್ಪರ್ಧೆಗಳು ನಡೆಯುತ್ತವೆ. ಪರ–ವಿರೋಧಗಳನ್ನು ಮೊದಲೇ ಹಂಚಿ, ಐದು ನಿಮಿಷಗಳ ಗಂಟೆ ಬಾರಿಸಿ, ಗೆದ್ದವರಿಗೆ ಬಹುಮಾನ ಕೊಡುತ್ತೇವೆ. ಇದು ಶಾಸ್ತ್ರಕಾರರು ಜಲ್ಪವೆಂದು ಕರೆದುದಕ್ಕೆ ಸಮೀಪವಾದುದು. ಅಭ್ಯಾಸದ ಮಟ್ಟಿಗೆ ಉಪಯುಕ್ತವೂ ಹೌದು. ಆದರೆ ವಿದ್ಯಾರ್ಥಿಯು ತನ್ನ ಮದುವೆ, ತನ್ನ ಜಾತಿ, ತನ್ನ ಮತ, ತನ್ನ ಸರ್ಕಾರ ಇವುಗಳ ವಿಷಯದಲ್ಲಿ ಹಿರಿಯರೊಡನೆಯೂ ಸಮವಯಸ್ಕರೊಡನೆಯೂ ಕಾರಣಸಹಿತವಾಗಿ ಮಾತನಾಡಬೇಕಾಗಿ ಬಂದಾಗ ಈ ಅಭ್ಯಾಸವೊಂದೇ ಸಾಲದು. ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ಹೇಳಿತೋರಿಸಿದ ಬಳಿಕವೇ ಉತ್ತರ ಕೊಡಬೇಕೆಂಬ ನಿಯಮವನ್ನು ತರಗತಿಯಲ್ಲಿಟ್ಟು ನೋಡಬಹುದು. ಅಂಥ ಮಾತು ಅಪ್ರಿಯವಾದಾಗ ಅದನ್ನು ಮುಗಿಸಗೊಡುವ ಹೊಣೆಯು, ತಾರಾಚಂದನ ಸ್ಥಾನದಲ್ಲಿ ಕುಳಿತಿರುವ ಉಪಾಧ್ಯಾಯರಾದ ನಮ್ಮದೇ ಆಗಿದೆ.