ರಕ್ತಸಾಕ್ಷಿಗಳಾಗದವರು

ಚಾಮರಾಜನಗರಕ್ಕೆ ಆ ಹೆಸರು ಬಂದಿದ್ದು 1818ರಲ್ಲಿ. ಅಲ್ಲೀವರೆಗೂ ಅದು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು, ತಮ್ಮ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರು ಅಂತ ಅವರ ಹೆಸರಿಟ್ಟರು. ಇಷ್ಟನ್ನ ನಮ್ಮ ಕಡೆ ಸ್ಕೂಲ್ ಮಕ್ಕಳೂ ಹೇಳ್ತಾರೆ. ಆದರೆ ಆ ಚಾಮರಾಜರು ಹೆಸರಿಗಷ್ಟೇ ರಾಜರು. ಗದ್ದುಗೆ ಮೇಲೆ ಕೂರಿಸಿದ್ದು ಹೈದರಾಲಿ, ಹಾಗೇ ಇಟ್ಟುಕೊಂಡಿದ್ದು ಟಿಪ್ಪು. ಶ್ರೀರಂಗಪಟ್ಟಣದಲ್ಲಿ ಕಾವಲಿನೊಳಗೇ ಬದುಕಿ 1796ರಲ್ಲಿ ಸಿಡುಬಿಗೆ ತೀರಿಕೊಂಡರು.

ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ಇನ್ನೂ ಸಾವಿರಾರು ಜನ ಸೆರೆಯಲ್ಲಿದ್ದರು. ಕರಾವಳಿಯ ಕೊಂಕಣಿ ಕ್ಯಾಥೊಲಿಕರು. ನಮ್ಮ ಜಿಲ್ಲೆಯಲ್ಲಿ ಕ್ರೈಸ್ತರು ಅಂದ್ರೆ ಹನೂರು ಕಡೆಯ ಮಾರ್ಟಳ್ಳಿ ನೆನಪಾಗುತ್ತೆ, ಈ ಕಥೆ ಮಾತ್ರ ಯಾರಿಗೂ ನೆನಪಾಗಲ್ಲ. ಗುಂಡ್ಲುಪೇಟೆ ಮೇಲೆ ಊಟಿಗೆ ಹೋಗೋ ಬೆಂಗಳೂರಿನವರು ಶ್ರೀರಂಗಪಟ್ಟಣ ದಾಟಿಯೇ ಬರ್ತಾರೆ. ಈಗಂತೂ ಎಕ್ಸ್‌ಪ್ರೆಸ್‌ವೇ ಊರನ್ನ ಬಳಸಿ ಹೋಗೋದ್ರಿಂದ ಕೋಟೆ ಗೋಡೆಯೂ ಕಣ್ಣಿಗೆ ಬೀಳಲ್ಲ.

1783ರಲ್ಲಿ ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್‌ನ ಪಡೆ ಮಂಗಳೂರು ಹಿಡಿದಾಗ ಅಲ್ಲಿನ ಕ್ರೈಸ್ತರು ನೆರವಾದರು ಅನ್ನೋದು ಟಿಪ್ಪುವಿನ ಆರೋಪ. ಮಾರನೇ ವರ್ಷ ಕೋಟೆ ವಾಪಸ್ ಸಿಕ್ಕ ಮೇಲೆ ಶಿಕ್ಷೆ ಶುರುವಾಯಿತು. 1784ರ ಫೆಬ್ರವರಿ, ತಪಸ್ಸುಕಾಲದ ಮೊದಲ ದಿನ, ಬೂದಿ ಬುಧವಾರ. ಊರೂರಿನಲ್ಲಿ ಜನರನ್ನು ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ದಾರಿಯಲ್ಲೇ ಎಷ್ಟೋ ಜನ ಸತ್ತರು. ಮಂಗಳೂರಿನ ಮಿಲಾಗ್ರಿಸ್ ಸೇರಿ ಚರ್ಚುಗಳನ್ನ ಕೆಡವಿದರು, ಪಾದ್ರಿಗಳನ್ನ ಗಡೀಪಾರು ಮಾಡಿದರು. ಸೆರೆಯಾದವರು ಎಷ್ಟು? ಕೆಲವು ದಾಖಲೆ 60 ಸಾವಿರ ಅನ್ನುತ್ತೆ. ಟಿಪ್ಪುವಿನ ಸೆರೆಯಲ್ಲೇ ಇದ್ದ ಇಂಗ್ಲಿಷ್‌ ಕೈದಿ ಜೇಮ್ಸ್ ಸ್ಕರ್ರಿ 30 ಸಾವಿರ ಅಂತ ಬರೆದ. ನಂಜನಗೂಡಿನ ನಂಜುಂಡೇಶ್ವರನಿಗೆ ಪಚ್ಚೆಲಿಂಗ ಕೊಟ್ಟ ದೊರೆಯೂ ಇವನೇ. ಎರಡೂ ನಿಜ. ಒಂದನ್ನ ಹಿಡಿದು ಇನ್ನೊಂದನ್ನ ಅಳಿಸೋ ಜಗಳ ಟಿವಿಯಲ್ಲಿ ಸಾಕಷ್ಟು ನಡೀತದೆ, ಇಲ್ಲಿ ಬೇಡ. ನನಗೆ ಕಾಡಿದ್ದು ಬೇರೆ ಪ್ರಶ್ನೆ.

ಸೆರೆಯಲ್ಲಿ ಗಂಡಸರಿಗೆ ಬಲವಂತದ ಸುನ್ನತಿ ಆಯಿತು, ಹೆಸರು ಬದಲಾಯಿತು, ಯುವಕರು ಸೈನ್ಯಕ್ಕೆ ಸೇರಬೇಕಾಯಿತು. ಹದಿನೈದು ವರ್ಷ ಚರ್ಚಿಲ್ಲ, ಬಲಿಪೂಜೆ ಇಲ್ಲ, ಪಾಪನಿವೇದನೆ ಮಾಡೋಣ ಅಂದ್ರೆ ಪಾದ್ರಿ ಇಲ್ಲ. ಇದು ಯಾವಾಗ ಮುಗಿಯುತ್ತೆ ಅಂತ ಹೇಳೋರೂ ಇಲ್ಲ. 1799ರ ಮೇ 4ಕ್ಕೆ ಟಿಪ್ಪು ಸಾಯ್ತಾನೆ ಅಂತ ನಮಗೆ ಗೊತ್ತು. 1787ರಲ್ಲೋ 1790ರಲ್ಲೋ ಅಲ್ಲಿ ಮಲಗಿದ್ದ ತಾಯಿಗೆ ಗೊತ್ತಿರಲಿಲ್ಲ. ಇತಿಹಾಸ ಓದುವಾಗ ನಾವು ಮರೆಯೋದು ಇದನ್ನೇ.

ಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಬಂದವರು ಅಬ್ಬೆ ದುಬ್ವಾ, ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಪಾದ್ರಿ. ಭಾರತೀಯರ ಆಚಾರ-ವಿಚಾರದ ಬಗ್ಗೆ ದಪ್ಪ ಪುಸ್ತಕ ಬರೆದವರು ಅಂತ ಕೆಲವರಿಗೆ ಗೊತ್ತಿರಬಹುದು. ಇಲ್ಲಿಯವರ ಹಾಗೇ ಬಟ್ಟೆ, ಪೇಟ, ಇಲ್ಲಿಯವರದೇ ಊಟ. ಉಳಿದಿದ್ದ ಕ್ರೈಸ್ತರು ಅವರ ಹತ್ತಿರ ಬಂದರು. ನಾವು ಬದಲಾಗಿದ್ದು ಹೊರಗಿಂದ ಮಾತ್ರ, ಒಳಗೆ ಯೇಸುವನ್ನ ಬಿಟ್ಟಿರಲಿಲ್ಲ, ಮತ್ತೆ ಸೇರಿಸಿಕೊಳ್ಳಿ ಅಂದರು. ಹೀಗೆ ತನ್ನ ಬಳಿ ಬಂದವರು ಸುಮಾರು 2,000, ಮಂಗಳೂರು ಸೀಮೆಗೆ ಮರಳಿ ಹೋದವರು ಹತ್ತಿರ ಹತ್ತಿರ 20,000 ಅಂತ ದುಬ್ವಾ ಲೆಕ್ಕ ಕೊಡ್ತಾರೆ.

ದುಬ್ವಾ ಅವರನ್ನ ವಾಪಸ್ ಸೇರಿಸಿಕೊಂಡರು. ಆದರೆ ಕ್ಷಮಿಸಿದರಾ? 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳನ್ನ ನೋಡಿದರೆ ಅನುಮಾನ ಬರುತ್ತೆ. ಇಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದು ನಿಂತು, ಸಾಯ್ತೀನಿ ಆದರೆ ಧರ್ಮ ಬಿಡಲ್ಲ ಅನ್ನಲಿಲ್ಲ, ಒಬ್ಬ ರಕ್ತಸಾಕ್ಷಿಯೂ ಹುಟ್ಟಲಿಲ್ಲ, ಎಂಥಾ ನಾಚಿಕೆಗೇಡು ಅಂತ ಬರೀತಾರೆ. ಇನ್ನೊಮ್ಮೆ ಇಂಥಾ ಪರೀಕ್ಷೆ ಬಂದರೆ ಮತ್ತೆ ಹೀಗೇ ಆಗುತ್ತೆ ಅನ್ನೋ ಭಯವನ್ನೂ ಸೇರಿಸ್ತಾರೆ.

ದುಬ್ವಾ ಬಗ್ಗೆ ನನಗೆ ಗೌರವ ಇದೆ. ಆದರೂ ಇಲ್ಲಿ ಅವರ ಮಾತು ಒಪ್ಪಕ್ಕಾಗಲ್ಲ. ಅವರು ಫ್ರಾನ್ಸ್ ಬಿಟ್ಟಿದ್ದು 1792ರಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಕ್ರಾಂತಿಕಾರರ ಗುಂಪು ಪ್ಯಾರಿಸ್ಸಿನ ಸೆರೆಮನೆಗಳಿಗೆ ನುಗ್ಗಿ ಇನ್ನೂರಕ್ಕೂ ಹೆಚ್ಚು ಪಾದ್ರಿಗಳನ್ನ ಕೊಂದುಹಾಕಿತು. ದುಬ್ವಾ ಹೊರಟಿದ್ದು ತಪ್ಪು ಅಂತ ಯಾರೂ ಹೇಳಲ್ಲ. ಆದರೆ ಆ ಬೆಂಕಿ ಬಿದ್ದಾಗ ಊರಲ್ಲಿರದೆ ಉಳಿದುಕೊಂಡವರು, ಮಕ್ಕಳು ಮರಿ ಕಟ್ಟಿಕೊಂಡು ಸೆರೆಯಲ್ಲಿದ್ದವರನ್ನ ನೀವು ಯಾಕೆ ಸಾಯಲಿಲ್ಲ ಅಂತ ಕೇಳಬಹುದಾ? ಅವರ ಸಭೆಗೆ ಬಂಡೆ ಅನ್ನಿಸಿಕೊಂಡ ಪೇತ್ರನೇ, ಯೇಸುವನ್ನ ಹಿಡಿದ ರಾತ್ರಿ, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದವನು.

ಇನ್ನೊಂದು ಸಂಗತಿ ದುಬ್ವಾ ಸತ್ತ ಹದಿನೇಳು ವರ್ಷಕ್ಕೆ ಜಪಾನಿನಲ್ಲಿ ನಡೆಯಿತು. ಅಲ್ಲಿ 1614ರಿಂದ ಕ್ರೈಸ್ತ ಧರ್ಮ ನಿಷೇಧ. ಶಂಕೆ ಇದ್ದವರು ಯೇಸು, ಮರಿಯಳ ಚಿತ್ರವಿದ್ದ ಫಲಕವನ್ನ ಕಾಲಲ್ಲಿ ತುಳಿದು ತಾವು ಕ್ರೈಸ್ತರಲ್ಲ ಅಂತ ತೋರಿಸಬೇಕಿತ್ತು. ತುಳಿದರು. ಎರಡೂವರೆ ಶತಮಾನ, ತಲೆಮಾರಿನ ಮೇಲೆ ತಲೆಮಾರು. 1865ರ ಮಾರ್ಚ್‌ನಲ್ಲಿ ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ಔರಾ ಚರ್ಚಿಗೆ ಹಳ್ಳಿಯವರ ಒಂದು ಗುಂಪು ಬಂದು, ನಮ್ಮದೂ ನಿಮ್ಮದೇ ಮನಸ್ಸು ಅಂತ ಅಲ್ಲಿನ ಪಾದ್ರಿಯ ಹತ್ತಿರ ಗುಟ್ಟಾಗಿ ಹೇಳಿಕೊಂಡಿತು. ಆ ಪಾದ್ರಿ ಪೆಟಿಜಾಂ ಕೂಡ ದುಬ್ವಾ ಅವರ ಸಂಸ್ಥೆಯವರೇ. ಅಲ್ಲಿ ಅದನ್ನ ಪವಾಡ ಅಂದರು. ಶ್ರೀರಂಗಪಟ್ಟಣದಲ್ಲಿ ಅದೇ ನಾಚಿಕೆಗೇಡು!

ಇದನ್ನ ಇಷ್ಟು ಉದ್ದ ಹೇಳೋಕೆ ಕಾರಣ ಇದೆ. ಐಸಿಯು ಹೊರಗೆ ಕೂತಿರೋರಿಗೆ, ಲೇಆಫ್ ಆಗಿ ಇಎಂಐ ಲೆಕ್ಕ ಹಾಕ್ತಿರೋರಿಗೆ, ನಂಬಿಕೆ ಗಟ್ಟಿಯಿದ್ದರೆ ಎಲ್ಲಾ ಸರಿಹೋಗುತ್ತೆ ಅಂತ ವಾಟ್ಸಾಪ್ ಕಳಿಸೋರು ಎಲ್ಲಾ ಧರ್ಮದಲ್ಲೂ ಇದ್ದಾರೆ. ಕೇಳಿಸಿಕೊಳ್ಳೋನಿಗೆ, ಸರಿಹೋಗದಿದ್ದರೆ ತಪ್ಪು ನಿನ್ನದೇ ಅಂದ ಹಾಗಿರುತ್ತೆ. ನಮ್ಮ ಕಡೆ ಹಳ್ಳೀಲಿ ಮಳೆ ಕೈಕೊಟ್ಟಾಗ 'ಮಾದಪ್ಪ ಅವ್ನೆ, ಬುಡು' ಅಂತಾರೆ. ಅದರಲ್ಲಿ ಮಳೆ ಬಂದೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಧೈರ್ಯದ ಪ್ರದರ್ಶನವೂ ಇಲ್ಲ. ಹೇಳಿ ಎದ್ದು ಹಸುಗೆ ಹುಲ್ಲು ಹಾಕಕ್ಕೆ ಹೋಗ್ತಾರೆ. ಶ್ರೀರಂಗಪಟ್ಟಣದ ಸೆರೆಯವರ ನಂಬಿಕೆ ಇದಕ್ಕೆ ಹತ್ತಿರ ಅನ್ಸುತ್ತೆ ನನಗೆ. ಬಾಗಿಲು ತೆಗೆದ ದಿನ ಅವರು ಎಲ್ಲಿಗೆ ಹೊರಟರು ಅನ್ನೋದೇ ಅದಕ್ಕೆ ಸಾಕ್ಷಿ. ಮರಳಿ ಹೋದವರು ಕೆಡವಿದ ಚರ್ಚುಗಳನ್ನ ಮತ್ತೆ ಕಟ್ಟಿದರು.

ದುಬ್ವಾ ಕೂಡ ನಂಬಿಕೆಯ ಬಗ್ಗೆ ಬರೆದಿದ್ದಕ್ಕಿಂತ ಚೆನ್ನಾಗಿ ಬದುಕಿದರು. ಹಾಸನದ ಸಾತಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಚಾಮರಾಜರನ್ನ ಕೊಂದ ಅದೇ ಸಿಡುಬಿಗೆ ಲಸಿಕೆ ಬಂದಾಗ, 1803-04ರಲ್ಲಿ ಮೈಸೂರು ಸೀಮೆಯ 25 ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನ ಹಾಕಿಸಿದರು. 1823ರಲ್ಲಿ, ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯವಿಲ್ಲ ಅಂತ ತೀರ್ಮಾನಿಸಿ ಹಡಗು ಹತ್ತಿದರು. ಆಮೇಲೆ 25 ವರ್ಷ ಬದುಕಿದ್ದರೂ ಮತ್ತೆ ಈ ಕಡೆ ಬರಲಿಲ್ಲ.