ಪುಕ್ಕಟೆ ಸಿಕ್ಕಿದ್ದೆಲ್ಲ ನಮ್ಮದಾಗಲ್ಲ



ನಮ್ಮ ಸಂಘಟನೆಯ ಮೂವತ್ತು ವರ್ಷದ ಕರಪತ್ರ, ಫೋಟೋ, ಸತ್ಯಶೋಧನಾ ವರದಿಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಡೋಕೆ ಒಂದು ಹಳೇ ಸರ್ವರ್ ತಂದಿದ್ದೀವಿ. ಅದಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕೋದು ಅಂತ ಸಭೆಯಲ್ಲಿ ದೊಡ್ಡ ಚರ್ಚೆ. "ದುಡ್ಡು ಕೊಟ್ಟು ವಿಂಡೋಸ್ ಸರ್ವರ್ ತಗೊಳ್ಳೋಣ, ಕೆಟ್ಟರೆ ಕೇಳೋಕೆ ಒಬ್ಬರಿರ್ತಾರೆ" ಅಂದರು ಕೆಲವರು. "ಲಿನಕ್ಸ್ ಪುಕ್ಕಟೆ, ಇನ್ನೇನು ಯೋಚನೆ?" ಅಂದರು ಉಳಿದವರು. ನನಗೆ ಎರಡೂ ಅರ್ಧ ಮಾತು ಅನ್ನಿಸಿತು. ಸ್ವಲ್ಪ ಚರಿತ್ರೆ ನೋಡೋಣ.

1969ರಲ್ಲಿ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಕಟ್ಟಲು ಶುರುಮಾಡಿದರು. ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯದಂತೆ 1956ರ ಕೋರ್ಟ್ ಆದೇಶವೊಂದು ಆ ಕಂಪನಿಯ ಕೈ ಕಟ್ಟಿತ್ತು. ಹಾಗಾಗಿ ವಿಶ್ವವಿದ್ಯಾಲಯಗಳಿಗೆ ಯುನಿಕ್ಸ್ ಸೋರ್ಸ್ ಕೋಡ್ ಸಮೇತ ಅಗ್ಗಕ್ಕೆ ಸಿಕ್ಕಿತು. ಬರ್ಕ್ಲಿಯ ವಿದ್ಯಾರ್ಥಿಗಳು ಅದನ್ನು ತಿದ್ದಿ ಬೆಳೆಸಿದರು. 1984ರಲ್ಲಿ ಕಂಪನಿ ಒಡೆದು ಆ ನಿರ್ಬಂಧ ಹೋಯ್ತು ನೋಡಿ, ಯುನಿಕ್ಸ್ ಮಾರೋ ಸರಕಾಯ್ತು, ಲೈಸೆನ್ಸ್ ದರ ಏರಿತು. 1992ರಲ್ಲಿ ಬರ್ಕ್ಲಿ ಕೋಡಿನ ಮೇಲೂ ಕೇಸು ಬಿತ್ತು. ಅಗ್ಗಕ್ಕೆ ಕೊಟ್ಟಿದ್ದರು, ಹಕ್ಕು ಕೊಟ್ಟಿರಲಿಲ್ಲ.

ಆ ಹಕ್ಕನ್ನೇ ಬರೆದಿಟ್ಟವರು ರಿಚರ್ಡ್ ಸ್ಟಾಲ್‌ಮನ್. 1983ರಲ್ಲಿ ಗ್ನೂ ಯೋಜನೆ ಘೋಷಿಸಿದರು, 1989ರಲ್ಲಿ ಜಿಪಿಎಲ್ ಲೈಸೆನ್ಸ್ ತಂದರು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ. ಹಂಚುವಾಗ ಅದೇ ಹಕ್ಕನ್ನು ಮುಂದಿನವರಿಗೂ ಕೊಡಿ ಅನ್ನೋದೇ ಅದರ ತಿರುಳು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಹೊರತಂದ ಲಿನಕ್ಸ್, ಮರುವರ್ಷವೇ ಈ ಲೈಸೆನ್ಸಿನಡಿ ಬಂತು.

ಇಲ್ಲೂ ಮೈಮರೆಯುವಂತಿಲ್ಲ. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತೆ ಅಂತ ನಂಬಿ ಎಷ್ಟೋ ಜನ ಸರ್ವರ್ ಕಟ್ಟಿದ್ದರು. 2020ರ ಡಿಸೆಂಬರ್‌ನಲ್ಲಿ ರೆಡ್ ಹ್ಯಾಟ್ ಕಂಪನಿ, 2021ರ ಕೊನೆಗೇ ನಿಲ್ಲಿಸ್ತೀವಿ ಅಂತು. ಆದರೆ ಕೋಡ್ ಬಯಲಲ್ಲಿತ್ತು. ಕೆಲವೇ ತಿಂಗಳಲ್ಲಿ ಬೇರೆಯವರು ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಕಟ್ಟಿ ನಿಲ್ಲಿಸಿದರು. ವಿಂಡೋಸ್‌ನ ಹಳೇ ಆವೃತ್ತಿ ಮೈಕ್ರೋಸಾಫ್ಟ್ ಕೈಬಿಟ್ಟರೆ ಹಾಗೆ ಮುಂದುವರಿಸೋ ಹಕ್ಕು ಬೇರೆ ಯಾರಿಗೂ ಇಲ್ಲ.

ಅದಕ್ಕೇ ನನ್ನ ಮತ ಡೆಬಿಯನ್‌ಗೆ. 1993ರಿಂದ ಸ್ವಯಂಸೇವಕರು ನಡೆಸ್ತಿರೋ ಲಿನಕ್ಸ್ ಅದು, ಒಡೆಯ ಕಂಪನಿ ಇಲ್ಲ.

ಹಾಗಂತ ಖರ್ಚಿಲ್ಲ ಅಂದ್ಕೋಬೇಡಿ. ಲೈಸೆನ್ಸಿಗೆ ಕೊಡೋ ದುಡ್ಡಿನ ಬದಲು ಕಲಿಯೋಕೆ ಸಮಯ ಕೊಡಬೇಕು. ಅಪ್‌ಡೇಟ್ ಹಾಕೋಕೆ, ಬ್ಯಾಕಪ್ ತೆಗೆಯೋಕೆ ನಮ್ಮಲ್ಲೇ ಇಬ್ಬರು ತಯಾರಾಗದಿದ್ದರೆ, ಕಾಗದದಲ್ಲಿರೋ ಹಕ್ಕು ಕಾಗದದಲ್ಲೇ ಉಳಿಯುತ್ತೆ. ಯಾರು ಬರ್ತೀರಿ, ಹೇಳಿ. ಈ ಭಾನುವಾರದಿಂದಲೇ ಶುರುಮಾಡೋಣ.